ಕ್ಯಾಮೆರಾ ಕೊಳ್ಳುವ ಮೊದಲು ಬಾಗಿಲು ಎಣಿಸಿರಿ

ಹಿಂಗಾರಿಯ ರಾಶಿ ಮುಗಿದು ಕಡಲೆ ಚೀಲಗಳು ಮನೆ ಸೇರಿದ ಮೇಲೆ ಎರೆನಾಡಿನ ರೈತನಿಗೆ ನಿದ್ದೆ ಕಡಿಮೆಯಾಗುತ್ತದೆ. ದರ ಏರುವವರೆಗೆ ಮಾಲು ಕಾಯಬೇಕು. ಕಾಯುವವರು ಮಾತ್ರ ಮನೆಯಲ್ಲಿಲ್ಲ. ಮಕ್ಕಳು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ, ಸಂಬಳದ ಆಳುಗಳು ಸಿಗುವುದಿಲ್ಲ, ವಯಸ್ಸಾದವರಿಗೆ ರಾತ್ರಿ ಕಣ್ಣು ಹತ್ತಿದರೆ ಎಚ್ಚರವಿರುವುದಿಲ್ಲ. ಹೀಗಿರುವಾಗ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಮನೆಯ ಪತ್ರಾಸಿನ ಅಂಚಿಗೆ, ಗೋದಾಮಿನ ಮೂಲೆಗೆ ಬಿಳಿಯ ಕ್ಯಾಮೆರಾಗಳು ಕಾಣಿಸಿಕೊಳ್ಳುತ್ತಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ರೈತ ಬಾಂಧವರೇ, ನಾನು ಈ ಸಾಧನದ ವಿರೋಧಿಯಲ್ಲ. ಆದರೆ ಅದನ್ನು ಕೊಳ್ಳುವ ರೀತಿಯ ಬಗ್ಗೆ ನನ್ನ ತಕರಾರಿದೆ. ನಾಲ್ಕು ಕ್ಯಾಮೆರಾ, ಒಂದು ಡಿ.ವಿ.ಆರ್. ಪೆಟ್ಟಿಗೆ, ಒಂದು ಡಿಸ್ಕ್, ತಂತಿ, ಜೋಡಿಸುವ ಕೂಲಿ ಎಲ್ಲ ಸೇರಿ ಇಪ್ಪತ್ತು ಸಾವಿರ ರೂಪಾಯಿಯ ಆಚೀಚೆ ಬೀಳುತ್ತದೆ. 2025-26ರ ಮಾರಾಟ ಹಂಗಾಮಿಗೆ ಕೇಂದ್ರ ಸರಕಾರವು ಕಡಲೆಗೆ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 5,650 ರೂಪಾಯಿ. ಆ ಲೆಕ್ಕಕ್ಕೆ ಸುಮಾರು ಮೂರೂವರೆ ಕ್ವಿಂಟಲ್ ಕಡಲೆಯನ್ನು ಗೋಡೆಗೆ ತೂಗುಹಾಕಿದಂತಾಯಿತು. ಬೀಜ ಕೊಂಡರೆ ಮೊಳಕೆ ನೋಡುತ್ತೀರಿ, ಎತ್ತು ಕೊಂಡರೆ ಹಲ್ಲು ನೋಡಿ ನಡೆಸಿ ನೋಡುತ್ತೀರಿ. ಕ್ಯಾಮೆರಾ ಕೊಳ್ಳುವಾಗ ಮಾತ್ರ ಅಂಗಡಿಯವನು ‘ನಾಲ್ಕರ ಸೆಟ್ ಐತ್ರಿ’ ಎಂದರೆ ತಲೆಯಾಡಿಸಿ ಬರುತ್ತೀರಿ. ಮನೆಗೆ ಬಾಗಿಲು ಎಷ್ಟು, ದಾರಿ ಎಷ್ಟು ಎಂದು ಅವನು ಕೇಳುವುದಿಲ್ಲ, ನೀವೂ ಹೇಳುವುದಿಲ್ಲ.

ರೋಣ ತಾಲ್ಲೂಕಿನಲ್ಲಿ ನನಗೆ ಪರಿಚಯವಿರುವ ಒಂದು ಮನೆಯಲ್ಲಿ ಹೀಗೆಯೇ ನಾಲ್ಕು ಮೂಲೆಗೆ ನಾಲ್ಕು ಕ್ಯಾಮೆರಾಗಳನ್ನು ಹದಿನಾಲ್ಕು ಅಡಿ ಎತ್ತರದಲ್ಲಿ ಹಾಕಿಸಿದ್ದರು. ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಇಬ್ಬರು ಹಿತ್ತಲ ಬಾಗಿಲಿನಿಂದ ಐದು ಚೀಲ ಕಡಲೆ ಹೊತ್ತು ನಡೆದರು. ಎಲ್ಲವೂ ದಾಖಲಾಗಿತ್ತು. ಮರುದಿನ ಮನೆಮಂದಿಯೆಲ್ಲ ಕೂಡಿ ನೋಡಿದೆವು. ಒಬ್ಬನ ತಲೆಯ ಮೇಲೆ ಟೊಪ್ಪಿಗೆ, ಇನ್ನೊಬ್ಬನ ತಲೆಗೆ ಟವೆಲ್ಲು. ಮೇಲಿನಿಂದ ನೋಡಿದ ಎರಡು ತಲೆಗಳು, ಅವುಗಳ ಪಕ್ಕದಲ್ಲಿ ಒಂದೊಂದು ಚೀಲ. ಮುಖ ಎಂಬುದು ಎಲ್ಲಿಯೂ ಇಲ್ಲ. ಮನೆಯ ಹಿರಿಯರು ನನ್ನ ಕಡೆ ತಿರುಗಿ, ‘ತಮ್ಮಾ, ಇದರಾಗ ನಮ್ಮ ಚೀಲ ಹೋಗೂದು ಚಂದಾಗಿ ಕಾಣತೈತಿ, ಒಯ್ಯಾಂವ ಮಾತ್ರ ಕಾಣಂಗಿಲ್ಲ’ ಎಂದರು. ನಾಲ್ಕು ಕ್ಯಾಮೆರಾಗಳ ಬದಲು ಹಿತ್ತಲ ಬಾಗಿಲಿನ ಎದುರಿಗೆ ಏಳಡಿ ಎತ್ತರದಲ್ಲಿ ಒಂದೇ ಕ್ಯಾಮೆರಾ, ಅದರ ಜೊತೆಗೆ ಒಂದು ಬಲ್ಬು ಇದ್ದಿದ್ದರೆ ಆ ಮನೆಯವರಿಗೆ ಖರ್ಚೂ ಉಳಿಯುತ್ತಿತ್ತು, ಮುಖವೂ ಸಿಗುತ್ತಿತ್ತು.

ನೋಡುವುದು ಬೇರೆ, ಕಾಯುವುದು ಬೇರೆ

ಕ್ಯಾಮೆರಾ ನೋಡುತ್ತದೆ, ಬರೆದಿಡುತ್ತದೆ. ಬೊಗಳುವುದಿಲ್ಲ, ಕೋಲು ಹಿಡಿದು ಓಡಿ ಬರುವುದಿಲ್ಲ. ಇದು ಎಲ್ಲರಿಗೂ ತಿಳಿದ ಮಾತೇ ಆದರೂ ಹಾಕಿಸಿದ ಮರುದಿನವೇ ಮರೆತು ಹೋಗುವ ಮಾತು. ಬೇರೆ ಬೇರೆ ದೇಶಗಳಲ್ಲಿ ನಲವತ್ತು ವರ್ಷಗಳ ಕಾಲ ನಡೆದ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಕ್ಯಾಮೆರಾ ಇರುವಲ್ಲಿ ಅಪರಾಧಗಳು ಒಟ್ಟಾರೆ ನೂರಕ್ಕೆ 13ರಷ್ಟು ಕಡಿಮೆಯಾಗಿದ್ದುವು. ವಾಹನ ನಿಲ್ಲಿಸುವ ಆವರಣಗಳಲ್ಲಿ ಪರಿಣಾಮ ಎಲ್ಲಕ್ಕಿಂತ ಹೆಚ್ಚು. ಯಾರಾದರೂ ಕುಳಿತು ನೋಡುತ್ತಿದ್ದಲ್ಲಿ ಫಲ ಚೆನ್ನಾಗಿತ್ತು. ಸುಮ್ಮನೆ ದಾಖಲಿಸಿಡುತ್ತಿದ್ದ ಕ್ಯಾಮೆರಾಗಳಿಂದ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಹಳ್ಳಿಯ ಮನೆಯಲ್ಲಿ ರಾತ್ರಿಯೆಲ್ಲ ಪರದೆಯ ಮುಂದೆ ಕೂಡುವವರು ಯಾರಿದ್ದಾರೆ? ಆದ್ದರಿಂದ ನಮ್ಮ ಕ್ಯಾಮೆರಾದಿಂದ ನಾವು ನಿರೀಕ್ಷಿಸಬಹುದಾದುದು ಒಂದೇ. ಕಳವಾದ ಮೇಲೆ ಮುಖ ತೋರಿಸುವ ಸಾಕ್ಷಿ. ಅದನ್ನಾದರೂ ಅದು ಸರಿಯಾಗಿ ಹೇಳುವಂತೆ ಮಾಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಹೊಲ ಕಾಯಲು ಕ್ಯಾಮೆರಾ ಹಾಕಿಸಬೇಕೆನ್ನುವವರೂ ಇದ್ದಾರೆ. ಕಡಲೆ, ಹೆಸರು ಬೆಳೆಯುವ ನಮ್ಮ ಬಯಲಿನಲ್ಲಿ ಚಿಗರಿಗಳ ಹಿಂಡು ರಾತ್ರೋರಾತ್ರಿ ಬೆಳೆ ಮೇಯ್ದು ಹೋಗುವ ಕಷ್ಟ ಸಣ್ಣದಲ್ಲ. ಕೃಷ್ಣಮೃಗವು 1972ರ ವನ್ಯಜೀವಿ ರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿದ ಪ್ರಾಣಿ. ಅದನ್ನು ಹೆದರಿಸಿ ಓಡಿಸಬಹುದೇ ಹೊರತು ಗಾಯಪಡಿಸುವಂತಿಲ್ಲ. ಇದಕ್ಕೆ ಕ್ಯಾಮೆರಾ ಉಪಾಯವಾದೀತೆ? ಲೆಕ್ಕ ಹಾಕಿ ನೋಡಿ. ನಾಲ್ಕು ಎಕರೆಯ ಚೌಕ ಹೊಲದ ಒಂದು ಬದಿ ಸುಮಾರು 127 ಮೀಟರ್. ಸಾಧಾರಣ ಕ್ಯಾಮೆರಾದ ಇರುಳು ಬೆಳಕು ಮುಟ್ಟುವುದು 20ರಿಂದ 30 ಮೀಟರ್. ಹೊಲದ ಒಂದು ಮೂಲೆಯಲ್ಲಿ ನಿಂತ ಕ್ಯಾಮೆರಾಕ್ಕೆ ಉಳಿದ ಹೊಲವೆಲ್ಲ ಕತ್ತಲೆ. ಹತ್ತಿರ ಬಂದ ಚಿಗರಿ ಕಂಡರೂ ಊರಿನಿಂದ ನೀವು ಬರುವಷ್ಟರಲ್ಲಿ ಅದು ಮುಂದಿನ ಹೊಲದಲ್ಲಿರುತ್ತದೆ. ಬೆಳೆ ಹಾನಿಯ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವಾಗ ಮೊಬೈಲಿನಲ್ಲಿ ತೆಗೆದ ಚಿತ್ರವೇ ಸಾಕು. ಹೊಲಕ್ಕೆ ಬೇಲಿ, ಕಾವಲು, ಬಾಗಿಲಿಗೆ ಕ್ಯಾಮೆರಾ. ಈ ವಿಂಗಡಣೆಯನ್ನು ಮೊದಲು ಮನಸ್ಸಿನಲ್ಲಿ ಮಾಡಿಕೊಂಡರೆ ಅರ್ಧ ಹಣ ಉಳಿದಂತೆಯೇ.

ಇನ್ನು ಬಾಗಿಲು ಎಣಿಸುವ ಕೆಲಸ. ಒಂದು ಹಾಳೆಯ ಮೇಲೆ ಮನೆ, ದನದ ಕೊಟ್ಟಿಗೆ, ಬಣವಿ, ಕಣ, ಟ್ರ್ಯಾಕ್ಟರ್ ನಿಲ್ಲುವ ಜಾಗ, ಕಾಳಿನ ಕೋಣೆ ಇವನ್ನು ಗೀಟು ಹಾಕಿ ಬರೆಯಿರಿ. ಅನಂತರ ಹೊರಗಿನವನೊಬ್ಬ ಇವುಗಳಲ್ಲಿ ಯಾವುದನ್ನು ಮುಟ್ಟಬೇಕಾದರೂ ಎಲ್ಲಿಂದ ಹಾಯ್ದು ಬರಬೇಕು ಎಂದು ನೋಡಿರಿ. ಬಹಳ ಮನೆಗಳಲ್ಲಿ ಅಂಥ ಜಾಗ ಎರಡೇ ಇರುತ್ತವೆ: ಮುಂದಿನ ಬಾಗಿಲು ಮತ್ತು ಹಿತ್ತಲ ಸಂದಿ. ಚೀಲ ಹೊತ್ತವನು ಗೋಡೆ ಹಾರುವುದಿಲ್ಲ. ಸಂದಿಯಲ್ಲಿ ಒಬ್ಬೊಬ್ಬರಾಗಿ ನಡೆಯಲೇಬೇಕು. ಕುರಿ ಹಟ್ಟಿಗೂ ಇದೇ ಮಾತು. ಕುರಿಗಳನ್ನು ಹೊರಡಿಸುವ ಬಾಯಿ ಒಂದೇ ಇರುತ್ತದೆ. ಆ ಬಾಯಿಗೆ ಎದುರಾಗಿ ಕ್ಯಾಮೆರಾ ಇರಲಿ. ಅಂಗಳದ ವಿಶಾಲ ನೋಟವನ್ನು ಮೊಬೈಲಿನಲ್ಲಿ ನೋಡಲು ಚೆಂದವೆನಿಸಿದರೂ ಅದರಿಂದ ಮುಖ ಸಿಗದು.

ಗಾಜಿನ ಲೆಕ್ಕ

ಅಂಗಡಿಯಲ್ಲಿ ಮೆಗಾಪಿಕ್ಸೆಲ್‌ಗಳ ಮಾತೇ ದೊಡ್ಡದಾಗಿ ಕೇಳಿಸುತ್ತದೆ. ಅದಕ್ಕಿಂತ ಮುಖ್ಯವಾದುದು ಕ್ಯಾಮೆರಾದ ಗಾಜು, ಅಂದರೆ ಲೆನ್ಸು. ಡಬ್ಬಿಯ ಮೇಲೆ 2.8 ಮಿ.ಮೀ., 3.6 ಮಿ.ಮೀ., 6 ಮಿ.ಮೀ. ಎಂದು ಬರೆದಿರುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ. ಒಂದು ಒರಟು ಲೆಕ್ಕ ನೆನಪಿಡಿ. 2.8ರ ಗಾಜಿನಲ್ಲಿ ಕಾಣುವ ಅಗಲವು ದೂರದ ಎರಡು ಪಟ್ಟು. 6ರ ಗಾಜಿನಲ್ಲಿ ಹೆಚ್ಚುಕಡಿಮೆ ದೂರದಷ್ಟೇ. ಹತ್ತು ಮೀಟರ್ ಆಚೆ ನಿಂತವನನ್ನು ನೋಡುವಾಗ ಮೊದಲನೆಯದು ಇಪ್ಪತ್ತು ಮೀಟರ್ ಅಗಲವನ್ನು ತೋರಿಸಿದರೆ ಎರಡನೆಯದು ಸುಮಾರು ಹತ್ತು ಮೀಟರ್ ಅಗಲವನ್ನು ತೋರಿಸುತ್ತದೆ.

ಇದರ ಅರ್ಥವೇನು? ಸಾಮಾನ್ಯವಾಗಿ ಮಾರುವ 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಚಿತ್ರದ ಅಗಲಕ್ಕೆ 1,920 ಚುಕ್ಕೆಗಳಿರುತ್ತವೆ. ಪರಿಚಯವಿಲ್ಲದವನ ಮುಖವನ್ನು ಗುರುತು ಹಿಡಿಯಬೇಕಾದರೆ ಒಂದು ಮೀಟರ್ ಅಗಲಕ್ಕೆ 250 ಚುಕ್ಕೆಗಳು ಬೇಕೆಂದು ಈ ವಿದ್ಯೆಯ ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ. ಪರಿಚಯದವನಾದರೆ 125 ಸಾಕು. ಯಾರೋ ಒಬ್ಬರು ಬಂದರು ಎಂದು ತಿಳಿಯಲು 25 ಸಾಕು. 1,920ನ್ನು 250ರಿಂದ ಭಾಗಿಸಿದರೆ ಏಳೂವರೆ ಮೀಟರ್ ಚಿಲ್ಲರೆ ಬರುತ್ತದೆ. ಅಂದರೆ ಚಿತ್ರದಲ್ಲಿ ಕಾಣುವ ಅಗಲ ಅದಕ್ಕಿಂತ ಹೆಚ್ಚಾದರೆ ಮುಖ ಕೈಬಿಟ್ಟಂತೆ. 2.8ರ ಗಾಜಾದರೆ ಕಳ್ಳ ನಾಲ್ಕು ಮೀಟರ್‌ನೊಳಗೆ ಬರಬೇಕು. 6ರದಾದರೆ ಎಂಟು ಮೀಟರ್‌ನವರೆಗೂ ಆದೀತು. ನಾಲ್ಕರ ಸೆಟ್ಟುಗಳಲ್ಲಿ ಸಾಧಾರಣವಾಗಿ ಅಗಲ ನೋಟದ ಗಾಜುಗಳನ್ನೇ ಕೊಡುತ್ತಾರೆ. ನೀವು ಬಾಯಿಬಿಟ್ಟು ಕೇಳಿ: ಸಂದಿಗೆ ಒಂದು 6ರದು, ಅಂಗಳಕ್ಕೆ ಬೇಕಾದರೆ ಒಂದು 2.8ರದು.

ಎತ್ತರದ ವಿಷಯದಲ್ಲಿ ಅಂಗಡಿಯ ಹುಡುಗರಿಗೂ ನನಗೂ ಯಾವಾಗಲೂ ವಾದ. ‘ಕೆಳಗ ಹಾಕಿದರ ಕಿತ್ಕೊಂಡು ಹೊಕ್ಕಾರ್ರಿ’ ಎನ್ನುತ್ತಾರೆ. ಅದೂ ಸುಳ್ಳಲ್ಲ. ಆದರೆ ಹದಿನಾಲ್ಕು ಅಡಿ ಮೇಲಿನಿಂದ ಟೊಪ್ಪಿಗೆ ಮಾತ್ರ ಕಾಣುವುದಾದರೆ ಕ್ಯಾಮೆರಾ ಉಳಿದು ಏನು ಪ್ರಯೋಜನ? ಏಳರಿಂದ ಎಂಟು ಅಡಿಗೆ, ಕಬ್ಬಿಣದ ಗೂಡಿನೊಳಗೆ, ತಂತಿ ಗೋಡೆಯೊಳಗಿಂದ ಹೋಗುವಂತೆ ಹಾಕಿಸಿರಿ. ಕಿತ್ತುಕೊಂಡವನ ಮುಖ ಹೇಗಿದ್ದರೂ ಒಳಗಿನ ಪೆಟ್ಟಿಗೆಯಲ್ಲಿ ಉಳಿದಿರುತ್ತದೆ.

ದಿಕ್ಕನ್ನೂ ನೋಡಬೇಕು. ಮೂಡಣಕ್ಕೆ ಮುಖಮಾಡಿದ ಕ್ಯಾಮೆರಾದೊಳಗೆ ಬೆಳಗಿನ ಬಿಸಿಲು ನೇರ ನುಗ್ಗಿದರೆ ಬಂದವರೆಲ್ಲ ಕಪ್ಪು ನೆರಳುಗಳಾಗುತ್ತಾರೆ. ಪಡುವಣಕ್ಕೆ ಸಂಜೆ ಇದೇ ಗತಿ. ಸಾಧ್ಯವಾದಷ್ಟು ಬಡಗು ಇಲ್ಲವೆ ತೆಂಕು ನೋಡುವಂತೆ ಇರಲಿ. ನರಗುಂದದ ಹೆದ್ದಾರಿಯ ಬದಿಯ ಗೋದಾಮುಗಳಲ್ಲಿ ಬೇರೊಂದು ತೊಂದರೆಯಿದೆ. ರಾತ್ರಿ ಲಾರಿಗಳ ದೀಪ ಎದುರಾದೊಡನೆ ಚಿತ್ರವೆಲ್ಲ ಬೆಳ್ಳಗಾಗುತ್ತದೆ, ವಾಹನದ ನಂಬರು ಓದಲು ಬರುವುದಿಲ್ಲ. ನಂಬರು ಬೇಕೇಬೇಕೆನ್ನುವವರು ಅದಕ್ಕೆಂದೇ ಮಾಡಿದ ಕ್ಯಾಮೆರಾ ಕೊಳ್ಳಬೇಕು ಅಥವಾ ಗೇಟಿನ ಒಳಗೆ, ವಾಹನ ನಿಧಾನವಾಗಿ ತಿರುಗುವಲ್ಲಿ ಒಂದನ್ನು ಹಾಕಬೇಕು.

ಇರುಳಿನ ಬೆಳಕಿನ ಬಗ್ಗೆ ಒಂದು ಮಾತು. ಕ್ಯಾಮೆರಾದ ಸುತ್ತ ಇರುವ ಸಣ್ಣ ದೀಪಗಳ ಬೆಳಕು ನಮ್ಮ ಕಣ್ಣಿಗೆ ಕಾಣದು. ಅದರಲ್ಲಿ ಚಿತ್ರ ಕಪ್ಪು ಬಿಳುಪಾಗಿ ಬರುತ್ತದೆ, ಅಂಗಿಯ ಬಣ್ಣ ತಿಳಿಯುವುದಿಲ್ಲ. ಆ ಬೆಚ್ಚನೆಯ ಜಾಗಕ್ಕೆ ಹುಳುಗಳು ಬರುತ್ತವೆ, ಹುಳು ತಿನ್ನಲು ಜೇಡ ಬಂದು ಬಲೆ ಕಟ್ಟುತ್ತದೆ. ಮುಂದೆ ರಾತ್ರಿಯೆಲ್ಲ ಪರದೆಯ ಮೇಲೆ ಬಲೆಯ ಎಳೆಯೊಂದೇ ಹಗ್ಗದಷ್ಟು ದಪ್ಪವಾಗಿ ಹೊಳೆಯುತ್ತಿರುತ್ತದೆ. ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಒರೆಸಬೇಕು. ರಾಶಿಯ ಕಾಲದಲ್ಲಿ ಹೊಟ್ಟು ಧೂಳು ಹಾರುವಾಗ ಎರಡು ದಿನಕ್ಕೊಮ್ಮೆ. ಬಾಗಿಲಿನ ಮೇಲೆ 9 ವ್ಯಾಟಿನ ಒಂದು ಬಲ್ಬನ್ನು ರಾತ್ರಿಯಿಡೀ ಉರಿಸಿದರೆ ತಿಂಗಳಿಗೆ ಮೂರು ಯೂನಿಟ್ ವಿದ್ಯುತ್ತು ತಗಲುತ್ತದೆ. ನನ್ನನ್ನು ಕೇಳಿದರೆ ಕಳ್ಳನಿಗೆ ಕ್ಯಾಮೆರಾಕ್ಕಿಂತ ಆ ಬಲ್ಬಿನ ಅಂಜಿಕೆಯೇ ಹೆಚ್ಚು.

ತಂತಿ, ಕಂಬ, ಕರೆಂಟು

ಹಣ ಉಳಿಸಲು ಮಾರಾಟಗಾರರು ಕೈಹಾಕುವುದು ತಂತಿಗೆ. ಶುದ್ಧ ತಾಮ್ರದ ಬದಲು ಮೇಲೆ ತಾಮ್ರದ ಲೇಪವಿರುವ ಅಲ್ಯುಮಿನಿಯಂ ಎಳೆಯ ತಂತಿ ಬರುತ್ತದೆ. ಅದರಲ್ಲಿ 12 ವೋಲ್ಟ್ ಹೊರಟರೆ ದೂರದ ಕ್ಯಾಮೆರಾ ಮುಟ್ಟುವಷ್ಟರಲ್ಲಿ ಕುಗ್ಗಿರುತ್ತದೆ. ಹಗಲು ಸರಿಯಾಗಿಯೇ ನಡೆಯುತ್ತದೆ. ರಾತ್ರಿ ಇರುಳು ದೀಪಗಳು ಹತ್ತಿ ಹೆಚ್ಚು ಕರೆಂಟು ಬೇಕಾದಾಗ ಕ್ಯಾಮೆರಾ ಆರಿ ಹತ್ತಿ ಆರಿ ಹತ್ತಿ ಮಾಡುತ್ತದೆ. ‘ಹಗಲೆಲ್ಲ ಛಲೋ ಇರತೈತಿ, ರಾತ್ರಿ ಕೆಡತೈತಿ’ ಎಂದು ದೂರುವವರ ಮನೆಗಳಲ್ಲಿ ಮೊದಲು ತಂತಿಯನ್ನು ಬಿಚ್ಚಿ ಚಾಕುವಿನಿಂದ ಕೆರೆದು ನೋಡಿರಿ. ಒಳಗೆ ಬೆಳ್ಳಿಯ ಬಣ್ಣ ಕಂಡರೆ ಕಾರಣ ಸಿಕ್ಕಿದಂತೆ. ನೆಟ್‌ವರ್ಕ್ ತಂತಿಯ ಕ್ಯಾಮೆರಾಗಳಿಗೆ 100 ಮೀಟರ್ ಗಡಿ. ಅದಕ್ಕಿಂತ ದೂರದ ಕೊಟ್ಟಿಗೆಗೆ ಮಧ್ಯೆ ಇನ್ನೊಂದು ಪೆಟ್ಟಿಗೆ ಇಡಬೇಕಾಗುತ್ತದೆ.

ಎರೆ ಭೂಮಿಯ ಗುಣ ನಿಮಗೆ ಹೇಳಿಕೊಡಬೇಕಾದುದಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಬರಿಯ ಗುಂಡಿ ತೋಡಿ ಕಂಬ ನಿಲ್ಲಿಸಿದರೆ ಒಂದೇ ವರ್ಷದಲ್ಲಿ ಅದು ವಾಲಿ ಕ್ಯಾಮೆರಾ ಆಕಾಶವನ್ನೋ ನೆಲವನ್ನೋ ನೋಡುತ್ತಿರುತ್ತದೆ. ಗುಂಡಿಯನ್ನು ಅಗಲವಾಗಿ, ಆಳವಾಗಿ ತೋಡಿ ಎರೆ ಮಣ್ಣನ್ನು ಹೊರಗೆ ಹಾಕಿ, ಗರಸು ತುಂಬಿ ದಮ್ಮಸು ಮಾಡಿ ಕಾಂಕ್ರೀಟು ಹಾಕಬೇಕು. ನೆಲದೊಳಗಿನ ತಂತಿಯನ್ನು ಬರಿದಾಗಿ ಹೂಳಬಾರದು. ಬಿರುಕು ಎಳೆದು ಹರಿಯುತ್ತದೆ, ಇಲಿ ಕಡಿಯುತ್ತದೆ. ಪೈಪಿನೊಳಗೆ ಸ್ವಲ್ಪ ಸಡಿಲವಾಗಿ ಬಿಡಬೇಕು. ಮಸಾರಿ ನೆಲದವರಿಗೆ ಈ ಕಷ್ಟ ಕಡಿಮೆ. ಆದರೆ ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ಕಂಡವರಿಗೆ ಆ ಕಡೆಯ ಗಾಳಿಯ ಬಲ ಗೊತ್ತು. ಅಲ್ಲಿ ತೆಳ್ಳಗಿನ ಕೊಳವೆಯ ಮೇಲೆ ಕ್ಯಾಮೆರಾ ಹಾಕಿದರೆ ಚಿತ್ರ ಅಲುಗುತ್ತದೆ, ಅಲುಗಿದಾಗೆಲ್ಲ ಮೊಬೈಲಿಗೆ ಎಚ್ಚರಿಕೆ ಬರುತ್ತದೆ. ಮೂರು ರಾತ್ರಿ ಸುಳ್ಳು ಎಚ್ಚರಿಕೆಗೆ ಎದ್ದವನು ನಾಲ್ಕನೆಯ ರಾತ್ರಿ ನಿಜವಾದುದಕ್ಕೆ ಏಳುವುದಿಲ್ಲ. ಮನುಷ್ಯ ಬಂದರೆ ಮಾತ್ರ ತಿಳಿಸುವ ಸೌಲಭ್ಯ ಇರುವ ಕ್ಯಾಮೆರಾ ಈಗ ಸಿಗುತ್ತದೆ. ಸ್ವಲ್ಪ ಹೆಚ್ಚು ಕೊಟ್ಟರೂ ಅದು ಲೇಸು.

ಹೊಲದ ಪಂಪ್‌ಸೆಟ್ಟಿನ ಹತ್ತಿರ ಕ್ಯಾಮೆರಾ ಹಾಕುವವರು ಕರೆಂಟಿನ ವೇಳೆಯನ್ನು ಮರೆಯುತ್ತಾರೆ. ನೀರಾವರಿ ಪಂಪುಗಳಿಗೆ ಮೂರು ಫೇಸ್ ವಿದ್ಯುತ್ತು ಕೊಡುವುದೇ ದಿನಕ್ಕೆ ಏಳು ಗಂಟೆಯ ಲೆಕ್ಕದಲ್ಲಿ. ಕರೆಂಟು ಇದ್ದಾಗ ಕೇಬಲ್ ಕಡಿಯಲು ಯಾವ ಕಳ್ಳನೂ ಬರುವುದಿಲ್ಲ. ಅವನು ಬರುವುದು ಲೈನು ಸತ್ತಿರುವಾಗ, ಆಗ ನಿಮ್ಮ ಕ್ಯಾಮೆರಾವೂ ಸತ್ತಿರುತ್ತದೆ. ಅಲ್ಲಿಗೆ ಸೌರ ಫಲಕ, ಬ್ಯಾಟರಿ, ಸಿಮ್ ಕಾರ್ಡು ಇರುವ ಕ್ಯಾಮೆರಾವೇ ಆಗಬೇಕು. ಅದರ ಫಲಕವನ್ನು ಬೇಸಗೆಯ ಧೂಳಿನಲ್ಲಿ ತೊಳೆಯುತ್ತಿರಬೇಕು. ಸಿಮ್ಮಿನ ಖರ್ಚನ್ನೂ ಲೆಕ್ಕ ಹಾಕಿರಿ. ಸಾಧಾರಣ ಚಿತ್ರವನ್ನು ಒಂದು ಗಂಟೆ ನೇರವಾಗಿ ನೋಡಿದರೆ ಸುಮಾರು 450 ಎಂ.ಬಿ. ಕರಗುತ್ತದೆ, ದಿನಕ್ಕೆ ಒಂದೂವರೆ ಜಿ.ಬಿ.ಯ ಪ್ಯಾಕು ಮೂರು ಗಂಟೆಯ ಮೇಲೆ ಸ್ವಲ್ಪ ಹೊತ್ತಿಗೆ ಮುಗಿಯುತ್ತದೆ. ಎಚ್ಚರಿಕೆ ಬಂದಾಗ ಮಾತ್ರ ನೋಡುವ ರೂಢಿ ಮಾಡಿಕೊಳ್ಳಬೇಕು.

ಮನೆಯಲ್ಲಿ ಸಿಂಗಲ್ ಫೇಸ್ ಇದ್ದರೂ ಅದು ಹೋಗುವುದುಂಟು. ನಾಲ್ಕು ಕ್ಯಾಮೆರಾ, ಡಿ.ವಿ.ಆರ್., ಇಂಟರ್ನೆಟ್ ಪೆಟ್ಟಿಗೆ ಎಲ್ಲ ಕೂಡಿ 45 ವ್ಯಾಟ್‌ನಷ್ಟು ತಿನ್ನುತ್ತವೆ. ಮನೆಯಲ್ಲಿ 150 ಆಂಪಿಯರ್-ಅವರ್‌ನ ಇನ್ವರ್ಟರ್ ಬ್ಯಾಟರಿ ಇದ್ದರೆ ಇದೊಂದನ್ನೇ ನಡೆಸುವಾಗ ಒಂದು ರಾತ್ರಿ ಧಾರಾಳವಾಗಿ ಸಾಗುತ್ತದೆ. ಮುಂಗಾರಿಗೆ ಮುನ್ನ ಗುಡುಗು ಸಿಡಿಲಿನ ಮಳೆ ಬರುವಾಗ ಹೊರಗೆ ಹರಿದಾಡಿದ ಉದ್ದನೆಯ ತಂತಿಗಳೇ ಕಂಟಕ. ಆದ್ದರಿಂದ ಭೂಸಂಪರ್ಕವನ್ನು ಸರಿಯಾಗಿ ಮಾಡಿಸಿರಿ. ಬೇಸಗೆಯಲ್ಲಿ ಎರೆ ನೆಲ ಬಿರಿದಾಗ ಅರ್ಥಿಂಗ್ ಗುಂಡಿಗೆ ನೀರು ಹಾಕುವುದನ್ನು ಮರೆಯಬೇಡಿರಿ.

ಎಷ್ಟು ದಿನ ಉಳಿಯುತ್ತದೆ?

ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತ ಹೋಗುತ್ತದೆ. ಇದನ್ನು ಹೇಳುವವರು ಕಡಿಮೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ ಸುಮಾರು 21.6 ಜಿ.ಬಿ. ಆಗುತ್ತದೆ. ನಾಲ್ಕು ಕ್ಯಾಮೆರಾಗಳಿಗೆ 1 ಟಿ.ಬಿ.ಯ ಡಿಸ್ಕ್ ಹಾಕಿದರೆ ಉಳಿಯುವುದು ಹನ್ನೊಂದೇ ದಿನ. ಕಾಳಿನ ಕೋಣೆಯನ್ನು ಹದಿನೈದು ದಿನಕ್ಕೊಮ್ಮೆ ತೆರೆಯುವ ಮನೆಯಲ್ಲಿ ಚೀಲ ಕಡಿಮೆಯಾದುದು ತಿಳಿಯುವಷ್ಟರಲ್ಲಿ ಸಾಕ್ಷಿ ಅಳಿಸಿಹೋಗಿರುತ್ತದೆ. ಅದೇ ಡಿಸ್ಕಿಗೆ ಎರಡೇ ಕ್ಯಾಮೆರಾ ಇದ್ದರೆ ಇಪ್ಪತ್ತಮೂರು ದಿನ ಸಿಗುತ್ತದೆ. ಕಡಿಮೆ ಕ್ಯಾಮೆರಾ ಸಾಕೆಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಡಿ.ವಿ.ಆರ್. ಪೆಟ್ಟಿಗೆಯನ್ನು ಟಿ.ವಿ.ಯ ಪಕ್ಕ ಎಲ್ಲರಿಗೂ ಕಾಣುವಂತೆ ಇಡಬೇಡಿರಿ. ತಿಳಿದ ಕಳ್ಳ ಮೊದಲು ಒಯ್ಯುವುದು ಅದನ್ನೇ.

ಕಳವಾದ ಮೇಲೆ ಮಾಡುವ ತಪ್ಪುಗಳೇ ಬೇರೆ. ಪರದೆಯ ಮೇಲಿನ ಚಿತ್ರವನ್ನು ಇನ್ನೊಂದು ಮೊಬೈಲಿನಿಂದ ತೆಗೆದು ಊರ ಗುಂಪುಗಳಿಗೆಲ್ಲ ಕಳಿಸುತ್ತಾರೆ. ಕಳ್ಳನಿಗೂ ಅದು ತಲುಪುತ್ತದೆ. ನಿರಪರಾಧಿಯೊಬ್ಬನ ಮೇಲೆ ಸಂಶಯ ಬಿದ್ದರೆ ಅದರ ಪಾಪ ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಇಂಥ ದಾಖಲೆಯ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಬೇಕು. ಅದರ ಮೊದಲ ಭಾಗವನ್ನು ಸಾಧನ ಯಾರ ಸುಪರ್ದಿಯಲ್ಲಿತ್ತೋ ಅವರು, ಎರಡನೆಯ ಭಾಗವನ್ನು ತಜ್ಞರು ತುಂಬಿ ಸಹಿ ಮಾಡಬೇಕು. ಆದ್ದರಿಂದ ಮೊದಲು ಪೆಟ್ಟಿಗೆ ಮತ್ತೆ ಬರೆಯದಂತೆ ನಿಲ್ಲಿಸಿ ಪೊಲೀಸ್ ಠಾಣೆಗೆ ತಿಳಿಸಿರಿ; ಪೆಟ್ಟಿಗೆಯನ್ನೇ ಪಂಚನಾಮೆ ಮಾಡಿ ಒಯ್ಯಲಿ. ಇನ್ನೊಂದು, ಡಿ.ವಿ.ಆರ್.ನ ಗಡಿಯಾರ. ಕರೆಂಟು ಹೋಗಿ ಬಂದಾಗ ಅದು ಹಿಂದೆ ಮುಂದೆ ಆಗಿರುವುದುಂಟು. ಕಳವು ರಾತ್ರಿ ಎರಡಕ್ಕೆ, ಪರದೆಯಲ್ಲಿ ಮಧ್ಯಾಹ್ನ ಮೂರು! ವಕೀಲರಿಗೆ ಅಷ್ಟೇ ಸಾಕು. ತಿಂಗಳ ಮೊದಲ ದಿನ ಗಡಿಯಾರ ಸರಿಮಾಡುವುದನ್ನು ರೂಢಿಮಾಡಿಕೊಳ್ಳಿರಿ.

ಕ್ಯಾಮೆರಾ ಯಾರ ಕಡೆ ನೋಡುತ್ತಿದೆ?

ಇದುವರೆಗೆ ಹೇಳಿದ್ದು ನಿಮ್ಮ ಮಾಲಿನ ಮಾತು. ಇನ್ನು ಮುಂದಿನದು ನಿಮ್ಮ ಓಣಿಯ ಮಾತು. ನನಗೆ ಹೆಚ್ಚು ಕಳವಳವಿರುವುದು ಇದರ ಬಗ್ಗೆಯೇ.

ಕ್ಯಾಮೆರಾ ಇಂಟರ್ನೆಟ್ಟಿಗೆ ಸೇರಿತೆಂದರೆ ಅದರೊಳಗೆ ನೀವೊಬ್ಬರೇ ನೋಡುತ್ತೀರೆಂಬ ಭರವಸೆ ಇಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಬದಲಿಸದ ಲಕ್ಷಾಂತರ ಕ್ಯಾಮೆರಾ, ಡಿ.ವಿ.ಆರ್.ಗಳೊಳಗೆ ಹೊಕ್ಕು ಅವುಗಳ ಮೂಲಕ ದೊಡ್ಡ ದೊಡ್ಡ ಜಾಲತಾಣಗಳನ್ನೇ ಕೆಡವಿತು. ಅದು ದೂರದ ಮಾತಾಯಿತೆಂದರೆ ಹತ್ತಿರದ್ದು ಕೇಳಿ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟೆಯ ಒಂದು ಹೆರಿಗೆ ಆಸ್ಪತ್ರೆಯ ಕ್ಯಾಮೆರಾದಿಂದ ಕದ್ದ ಹೆಣ್ಣುಮಕ್ಕಳ ಚಿತ್ರಗಳನ್ನು ಜಾಲದಲ್ಲಿ ಮಾರುತ್ತಿದ್ದುದು ಬಯಲಿಗೆ ಬಂದಿತು. ಆದ್ದರಿಂದ ಜೋಡಿಸುವ ಹುಡುಗ ‘ಪಾಸ್‌ವರ್ಡ್ ನಾನs ಇಟ್ಟೇನ್ರಿ’ ಎಂದರೆ ಅವನು ಹೋದ ಮೇಲೆ ನೀವೇ ಬದಲಿಸಿರಿ. ಮಗನ ಹೆಸರು, ಊರಿನ ಪಿನ್ ಕೋಡು ಬೇಡ. ಕ್ಯಾಮೆರಾಗಳು ಸರಕಾರದ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಭದ್ರತಾ ಪರೀಕ್ಷೆಗೆ ಒಳಪಟ್ಟಿರಬೇಕೆಂಬ ನಿಯಮ 2025ರ ಏಪ್ರಿಲಿನಿಂದ ಜಾರಿಯಲ್ಲಿದೆ. ಡಬ್ಬಿಯ ಮೇಲೆ ಬಿ.ಐ.ಎಸ್. ನೋಂದಣಿ ಸಂಖ್ಯೆ ನೋಡಿ, ರಸೀದಿ ಪಡೆದು ಕೊಳ್ಳಿರಿ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಹೆಸರಿಲ್ಲದ ಮಾಲು ಬೇಡವೇ ಬೇಡ.

ಇನ್ನು ನೆರೆಮನೆ. ನಮ್ಮ ಓಣಿಗಳು ಇಕ್ಕಟ್ಟು. ಒಂದು ಮನೆಯ ಕ್ಯಾಮೆರಾ ಎದುರು ಮನೆಯ ಕಟ್ಟೆಯನ್ನೂ ಬಚ್ಚಲನ್ನೂ ನೋಡುತ್ತಿರುತ್ತದೆ. ಹೆಣ್ಣುಮಕ್ಕಳು ಬಟ್ಟೆ ಒಗೆಯುವಲ್ಲಿ, ನೀರು ತುಂಬುವಲ್ಲಿ ಹಗಲಿಡೀ ಒಂದು ಕಣ್ಣು ತೆರೆದಿದ್ದರೆ ಅವರಿಗೆ ಹೇಗಾಗಬೇಡ? ಹೆಣ್ಣುಮಗಳೊಬ್ಬಳ ಖಾಸಗಿ ಸ್ಥಿತಿಯನ್ನು ಮರೆಯಿಂದ ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಂತೆ ಅಪರಾಧ. ಕಾಯಿದೆಯ ತನಕ ಏಕೆ ಹೋಗಬೇಕು? ಹಾಕಿಸಿದ ದಿನವೇ ಎದುರು ಮನೆಯವರನ್ನು ಕರೆದು ಪರದೆಯನ್ನು ತೋರಿಸಿರಿ. ‘ಕಾಕಾ, ನಿಮ್ಮ ಮನಿ ಇದರಾಗ ಕಾಣತೈತೇನು ನೋಡ್ರಿ’ ಎಂದರೆ ಸಾಕು. ಚಿತ್ರದ ಬೇಡವಾದ ಭಾಗವನ್ನು ಕಪ್ಪು ಮಾಡಿ ಮುಚ್ಚುವ ಅನುಕೂಲ ಬಹಳ ಪೆಟ್ಟಿಗೆಗಳಲ್ಲಿ ಇರುತ್ತದೆ, ಅದನ್ನು ಮಾಡಿಸಿರಿ. ಬದುವಿನ ಜಗಳ, ಕಾಲುದಾರಿಯ ಜಗಳ ಸಾಲದೆಂಬಂತೆ ಹೊಸದೊಂದು ಕ್ಯಾಮೆರಾದ ಜಗಳ ನಮಗೆ ಬೇಡ.

ಕೂಲಿಗೆ ಬರುವ ಹೆಣ್ಣುಮಕ್ಕಳ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಉಳ್ಳಾಗಡ್ಡಿ ಕೊಯ್ಯುವ ಕೊಟ್ಟಿಗೆಯಲ್ಲಿ ಕ್ಯಾಮೆರಾ ಹಾಕಿದ್ದರೆ ಅವರಿಗೆ ಮೊದಲೇ ಹೇಳಿರಿ. ಅವರು ಬುತ್ತಿ ಬಿಚ್ಚುವ, ಕೂಸಿಗೆ ಹಾಲೂಡಿಸುವ, ಘಳಿಗೆ ಹೊತ್ತು ಅಡ್ಡಾಗುವ ಜಾಗವನ್ನು ಅದು ನೋಡಕೂಡದು. ಕೂಲಿಯವರು ಎಷ್ಟು ಹೊತ್ತು ಕುಳಿತರೆಂದು ಮನೆಯಿಂದಲೇ ಎಣಿಸಿ ಹಾಜರಿ ಕಡಿದವರೊಬ್ಬರ ಹೊಲಕ್ಕೆ ಮುಂದಿನ ವಾರ ಯಾರೂ ಬರಲಿಲ್ಲ. ಬರದಿದ್ದುದು ಸರಿಯೇ ಎನಿಸಿತು ನನಗೆ.

ಪ್ರತಿ ಮನೆಗೊಂದು ಸೆಟ್ ಕೊಳ್ಳುವ ಬದಲು ಓಣಿಯ ಆರೇಳು ಮನೆಯವರು ಕೂಡಿ ಓಣಿಯ ಬಾಯಿಗೆ ಒಂದನ್ನು, ಊರವರೆಲ್ಲ ಕೂಡಿ ಅಗಸಿಗೆ ಒಂದೆರಡನ್ನು ಒಳ್ಳೆಯದಾಗಿಯೇ ಹಾಕಿಸುವುದು ಮೇಲೆಂದು ನನ್ನ ಅಭಿಪ್ರಾಯ. ಕೂಡಿ ಮಾಡುವುದು ನಮ್ಮ ನೆಲಕ್ಕೆ ಹೊಸದಲ್ಲ. ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರು ಕೂಡಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದಲ್ಲಿ ಮೊದಲನೆಯದೆಂಬ ಹೆಸರು ಅದಕ್ಕಿದೆ. ಊರಿನೊಳಗೆ ಚೀಲ ಹೊತ್ತ ವಾಹನ ಬರಬೇಕಾದರೂ ಹೋಗಬೇಕಾದರೂ ಅಗಸಿ ದಾಟಲೇಬೇಕು.

ಆದರೆ ಅಗಸಿಯ ಕ್ಯಾಮೆರಾ ಅಪಾಯವಿಲ್ಲದ್ದಲ್ಲ. ಯಾರು ಎಷ್ಟೊತ್ತಿಗೆ ಊರು ಬಿಟ್ಟರು, ಯಾರ ಮಗಳು ಯಾರ ಗಾಡಿಯ ಹಿಂದೆ ಕುಳಿತು ಬಂದಳು, ಯಾರು ಯಾವ ಪಕ್ಷದ ಸಭೆಗೆ ಹೋದರು ಎಂಬ ಇಡೀ ಊರಿನ ಖಾತೆ ಒಂದು ಪೆಟ್ಟಿಗೆಯಲ್ಲಿ ಕೂಡುತ್ತದೆ. ಆ ಪೆಟ್ಟಿಗೆ ಒಬ್ಬ ಗೌಡರ ಮನೆಯಲ್ಲೋ ಒಬ್ಬ ಸದಸ್ಯರ ಮೊಬೈಲಿನಲ್ಲೋ ಇದ್ದರೆ ಊರಿನ ಮಾನ ಅವರ ಕಿಸೆಯಲ್ಲಿದ್ದಂತೆ. ಹಣ ಕೂಡಿಸುವ ಮೊದಲೇ ಗ್ರಾಮ ಸಭೆಯಲ್ಲಿ ಠರಾವು ಬರೆಯಿರಿ. ಪೆಟ್ಟಿಗೆ ಪಂಚಾಯಿತಿ ಕಚೇರಿಯಲ್ಲಿ ಬೀಗದೊಳಗೆ ಇರತಕ್ಕದ್ದು. ಮೊಬೈಲಿಗೆ ಯಾರಿಗೂ ಜೋಡಿಸಕೂಡದು. ಬರಹದ ದೂರು ಬಂದಾಗ ಮಾತ್ರ, ದೂರಿನವರನ್ನೂ ಸೇರಿಸಿ ಮೂವರ ಎದುರಿನಲ್ಲಿ, ಆ ವೇಳೆಯ ಭಾಗವನ್ನಷ್ಟೇ ನೋಡತಕ್ಕದ್ದು. ಯಾರು ಯಾವಾಗ ನೋಡಿದರೆಂದು ಪುಸ್ತಕದಲ್ಲಿ ಬರೆಯತಕ್ಕದ್ದು. ತಿಂಗಳ ಮೇಲಿನದು ತಾನಾಗಿ ಅಳಿಸಿಹೋಗಲಿ. ಆ ಮೂವರಲ್ಲಿ ಒಬ್ಬರು ಹೆಣ್ಣುಮಕ್ಕಳು ಇರಲಿ. ಇಷ್ಟಕ್ಕೆ ಒಪ್ಪದ ಊರಿನಲ್ಲಿ ಅಗಸಿಗೆ ಕ್ಯಾಮೆರಾ ಇಲ್ಲದಿರುವುದೇ ಒಳಿತೆಂದು ನಾನು ಹೇಳುತ್ತೇನೆ, ಕಳವಾದರೂ ಚಿಂತೆಯಿಲ್ಲ.

ಕೊನೆಯದಾಗಿ ಹಣ ಕೊಡುವ ಮಾತು. ಜೋಡಿಸಿದ ದಿನ ಮಧ್ಯಾಹ್ನ ಪರದೆಯ ಮೇಲೆ ಎಲ್ಲವೂ ಕನ್ನಡಿಯಂತೆ ಕಾಣುತ್ತದೆ. ಆ ಸಂತೋಷದಲ್ಲಿ ಪೂರ್ತಿ ಹಣ ಎಣಿಸಿಕೊಡಬೇಡಿರಿ. ಮೂರನೆಯ ಒಂದು ಪಾಲು ಉಳಿಸಿಕೊಳ್ಳಿರಿ. ಆ ರಾತ್ರಿ ಹನ್ನೊಂದು ಗಂಟೆಗೆ ದೀಪ ಆರಿಸಿ, ಮನೆಯ ಹುಡುಗನೊಬ್ಬನಿಗೆ ಟವೆಲ್ಲು ಸುತ್ತಿಸಿ, ಹೆಗಲಿಗೆ ಒಂದು ಚೀಲ ಕೊಟ್ಟು ಹಿತ್ತಲ ಸಂದಿಯಿಂದ ನಡೆದು ಹೋಗಲು ಹೇಳಿರಿ. ಮುಂಜಾನೆ ಆ ಚಿತ್ರವನ್ನು ನೆರೆಮನೆಯವರಿಗೆ ತೋರಿಸಿ, ಇವನಾರೆಂದು ಕೇಳಿರಿ. ಅವರು ಹೆಸರು ಹೇಳಿದರೆ ಉಳಿದ ಹಣ ಕೊಡಿರಿ. ಹೇಳದಿದ್ದರೆ ಅಂಗಡಿಯವನನ್ನು ಕರೆಸಿ ಕ್ಯಾಮೆರಾವನ್ನು ಎರಡು ಅಡಿ ಕೆಳಗಿಳಿಸಿರಿ, ಮತ್ತೆ ಆ ರಾತ್ರಿಯೂ ಹುಡುಗನನ್ನು ನಡೆಸಿರಿ.